ಕಂಚಲೆ ಮತ್ತು ಕರಿಶಂಖ

ಬಹಳ ಬಹಳ ಹಿಂದೆ ಚಂದನಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಸರು ಕೆರೆಯ ದಂಡೆಯಲ್ಲಿ ದೊಡ್ಡದೊಂದು ರಂಗಮಂದಿರ ಕಟ್ಟಿಸಿದ್ದರು. ರಂಗದ ಮೇಲೆ ಪಿಸುಗುಟ್ಟಿದರೂ ಮೂರನೆಯ ಅಂತಸ್ತಿನ ಕೊನೆಯ ಸಾಲಿಗೆ ಕೇಳುತ್ತಿತ್ತು. ಅಲ್ಲಿ ನಾಟಕವೆಲ್ಲ ಹಾಡಿನಲ್ಲೇ ನಡೆಯುತ್ತಿತ್ತು. ರಾಜ ಹಾಡುತ್ತಲೇ ಯುದ್ಧಕ್ಕೆ ಹೊರಡುತ್ತಿದ್ದ, ರಾಣಿ ಹಾಡುತ್ತಲೇ ಮುನಿಯುತ್ತಿದ್ದಳು. ಆ ಹಾಡುಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ತಾಯಿ ಮಗಳಿಗೆ, ತಂದೆ ಮಗನಿಗೆ ಎದುರು ಕೂರಿಸಿಕೊಂಡು ಕಲಿಸುತ್ತ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು.

ಆಗ ಅಲ್ಲಿನ ಹಿರಿಯ ಗಾಯಕಿ ಪದ್ಮಲೆ. ಕಾಳಕಂಠನೆಂಬ ಮಾಂತ್ರಿಕ ಒಮ್ಮೆ ಅವಳ ಹಾಡು ಕೇಳಿ ಮರುಳಾದ. ಇನ್ನು ಮುಂದೆ ತನ್ನೊಬ್ಬನಿಗೇ ಹಾಡಬೇಕೆಂದ. ಪದ್ಮಲೆ ಒಪ್ಪಲಿಲ್ಲ. ಸಿಟ್ಟಿಗೆದ್ದ ಮಾಂತ್ರಿಕ ತನ್ನ ಕರಿಶಂಖವನ್ನು ಎತ್ತಿ ಹಿಡಿದ. ಮಂದಿರದ ಹಾಡುಗಳೆಲ್ಲ ಹೊಗೆಯಂತೆ ಅದರೊಳಗೆ ಸೇರಿಹೋದವು. ಅವನು ಅದಕ್ಕೆ ಮುಚ್ಚಳ ಬಿಗಿದು ತನ್ನ ಕೋಟೆಗೆ ಹೊರಟುಹೋದ. ಗಾಯಕರ ದನಿ ಅಡಗಿತು. ಮೀಟಿದರೂ ವೀಣೆ ನುಡಿಯಲಿಲ್ಲ.

ಪದ್ಮಲೆಯ ಮಗಳು ಕಂಚಲೆ ಅಂದು ಊರಿನಲ್ಲಿರಲಿಲ್ಲ. ಇನ್ನೂ ಕಲಿಯುತ್ತಿದ್ದ ಅವಳಿಗೆ ಬರುತ್ತಿದ್ದುದು ಮೂರೇ ಹಾಡು. ಮರಳಿ ಬಂದಾಗ ತಾಯಿ ಬಾಯಿ ತೆರೆದು, ದನಿ ಹೊರಡದೆ, ಮಗಳ ಕೈ ಹಿಡಿದುಕೊಂಡಳು. ಕಂಚಲೆ ಮರುದಿನವೇ ಮಾಂತ್ರಿಕನ ಕೋಟೆಯ ಕಡೆಗೆ ಹೊರಟಳು.

ಕಣಿವೆಯಲ್ಲಿ ಉರಿಗಣ್ಣಿನ ಹುಲಿ ಅಡ್ಡ ನಿಂತಿತು.

"ಒಂದು ಹಾಡು ಕೊಟ್ಟರೆ ದಾರಿ ಬಿಡುತ್ತೇನೆ. ಕೊಟ್ಟ ಹಾಡು ಮತ್ತೆ ನಿನಗೆ ನೆನಪಾಗದು" ಎಂದಿತು.

ಕಂಚಲೆ ಜೋಗುಳ ಹಾಡಿದಳು. ಹುಲಿ ನಿದ್ದೆಹೋಯಿತು, ಜೋಗುಳ ಅವಳಿಗೆ ಮರೆತುಹೋಯಿತು. ನದಿಯಲ್ಲಿ ಏಳು ಹೆಡೆಯ ಸರ್ಪವೂ ಹಾಗೆಯೇ ಕೇಳಿತು. ಅಂಬಿಗರ ಹಾಡು ಕೊಟ್ಟಳು. ಸರ್ಪ ಸೇತುವೆಯಾಗಿ ಮಲಗಿತು. ಕೋಟೆಯ ಬಾಗಿಲಲ್ಲಿ ಕಬ್ಬಿಣದ ಹದ್ದೂ ಒಂದು ಹಾಡು ಕೇಳಿತು. ಉಳಿದಿದ್ದು ಅಮ್ಮ ದಿನವೂ ಬೆಳಗಿನಲ್ಲಿ ಹಾಡುತ್ತಿದ್ದ ಹಾಡೊಂದೇ. ಕಣ್ಣು ಒರೆಸಿಕೊಂಡು ಅದನ್ನೂ ಹಾಡಿದಳು.

ಒಳಗೆ ಕಾಳಕಂಠ ಶಂಖವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮುಚ್ಚಳ ತೆಗೆದರೆ ಹಾಡುಗಳು ಹಾರಿಹೋಗುತ್ತವೆಂದು ಅವನೂ ಒಂದನ್ನೂ ಕೇಳಿರಲಿಲ್ಲ. ಅವಳನ್ನು ಕಂಡು, ನಿನ್ನಲ್ಲಿ ಏನಿದೆಯೋ ಅದನ್ನು ಹಾಡು ಎಂದ.

ಕಂಚಲೆಯಲ್ಲಿ ಏನೂ ಉಳಿದಿರಲಿಲ್ಲ. ದಣಿದು ನೆಲದ ಮೇಲೆ ಕೂತು, ಹುಲಿಯ ಕಣ್ಣು, ನದಿಯ ತಣ್ಣನೆಯ ನೀರು, ದನಿಯಿಲ್ಲದ ಅಮ್ಮನ ಮುಖ, ಕಂಡದ್ದನ್ನೆಲ್ಲ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅದು ಹಾಡಾಯಿತು. ಮಾಂತ್ರಿಕ ಶಂಖವನ್ನೆತ್ತಿದ. ಸೆಳೆದುಕೊಂಡರೆ ಹಾಡು ಅಲ್ಲಿಗೇ ನಿಲ್ಲುತ್ತದೆ, ಮುಂದೇನಾಯಿತೆಂದು ತನಗೆ ತಿಳಿಯದು ಎಂದು ಅವನಿಗೆ ಹೊಳೆಯಿತು. ಶಂಖವನ್ನು ಕೆಳಗಿಳಿಸಿದ.

ಕಂಚಲೆ ನಡುವೆಯೇ ನಿಲ್ಲಿಸಿದಳು.

"ಮುಂದೆ?" ಎಂದ ಅವನು.

"ಮುಂದಿನದನ್ನು ನನ್ನ ಅಮ್ಮ ಹಾಡಬೇಕು. ಅವಳ ದನಿ ನಿಮ್ಮ ಮಡಿಲಲ್ಲಿದೆ."

ಕಾಳಕಂಠ ಮುಚ್ಚಳವನ್ನು ಸವರುತ್ತ ಕೂತ. ಕೊನೆಗೆ ತೆಗೆದುಬಿಟ್ಟ. ಹಾಡುಗಳು ಬೆಳ್ಳಕ್ಕಿಗಳ ಹಿಂಡಿನಂತೆ ಚಂದನಾವತಿಯತ್ತ ಹಾರಿದವು. ಅವುಗಳೊಂದಿಗೆ ಅವನ ಮಾಯೆಯೂ ಹೋಯಿತು. ಕೋಟೆ ಕರಗಿ ಬಯಲಾಯಿತು. ಹದ್ದು, ಸರ್ಪ, ಹುಲಿಗಳು ಮಾಯೆ ಕಳಚಿಕೊಂಡು ಕಾಡು ಸೇರಿದವು. ಬಯಲಿನಲ್ಲಿ ಒಬ್ಬ ಬಡಕಲು ಮುದುಕ ಮಾತ್ರ ಉಳಿದ.

"ಏಳಿ, ಉಳಿದದ್ದನ್ನು ಅಲ್ಲೇ ಕೇಳುವಿರಂತೆ" ಎಂದು ಕಂಚಲೆ ಕೈ ಕೊಟ್ಟಳು.

ರಂಗಮಂದಿರದಲ್ಲಿ ತಾಯಿ ಮಗಳು ಆ ಹಾಡನ್ನು ಕೂಡಿ ಹಾಡಿ ಮುಗಿಸಿದರು. ಜನ ಕಣ್ಣೀರು ಒರೆಸಿಕೊಂಡರು, ಮುದುಕನೂ ಒರೆಸಿಕೊಂಡ. ಪದ್ಮಲೆ ಮಗಳ ಬೆನ್ನು ಸವರಿ, "ಹುಲಿ ಮಲಗುವ ಕಡೆ ಇನ್ನೊಂದಿಷ್ಟು ನಿಧಾನವಾಗಿ ಹಾಡು ಮಗಳೇ" ಎಂದಳು.

ಅಲ್ಲಿಂದ ಮುಂದೆ ಚಂದನಾವತಿಯಲ್ಲಿ ಹಾಡುವವರೂ ಕೇಳುವವರೂ ತುಂಬು ಬಾಳು ಬಾಳಿದರು.