ನಾಗರತ್ನ ಮಿಸ್ ನಡೆದು ಬಂದ ದಾರಿ

"ಮನೇಲಿ ಯಾರೂ ಇಲ್ಲ ಮಿಸ್," ಎಂದಳು ಬೃಂದಾ. ಬಾಗಿಲನ್ನು ಅರ್ಧ ಮಾತ್ರ ತೆರೆದು, ಅದರ ಹಿಂದೆ ಅಡಗಿ ನಿಂತಿದ್ದಳು.

ಅಷ್ಟರಲ್ಲಿ ಹಿತ್ತಲಿನಿಂದ ಅವ್ವನ ದನಿ ಕೇಳಿಸಿತು. "ಯಾರಮ್ಮಿ ಅದು, ಬಾಗ್ಲತ್ರ?"

ಹೊರಗೆ ನಿಂತಿದ್ದವರು ನಾಗರತ್ನ ಮಿಸ್. ಊರಾಚೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಏಳನೇ ಕ್ಲಾಸು ಮುಗಿಸಿದ ಮಕ್ಕಳನ್ನು ಎಂಟಕ್ಕೆ ಸೇರಿಸಿ ಎಂದು ಕೇಳಿಕೊಳ್ಳಲು ಮನೆ ಮನೆಗೆ ಹೋಗುತ್ತಿದ್ದರು. ಅವರ ಮುಖವೆಲ್ಲ ಬೆವೆತಿತ್ತು. ಅವ್ವ ಕೂಗಿದ್ದು ಅವರಿಗೂ ಕೇಳಿಸಿತ್ತು.

ಬೃಂದಾಳ ಕಿವಿ ಬಿಸಿಯಾಯಿತು. ಆದರೂ ಅವಳು ದಾರಿ ಬಿಡಲಿಲ್ಲ.

"ನಾನು ಗುಂಡ್ಲುಪೇಟೆ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಸೇರ್ತೀನಿ ಮಿಸ್. ನಿಮ್ಮ ಸ್ಕೂಲಿಗೆ ಬರಲ್ಲ." ಒಂದೇ ಉಸಿರಿಗೆ ಹೇಳಿ ಬಾಗಿಲು ಹಾಕಿಬಿಟ್ಟಳು.

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. "ಯಾರ್ ಬಂದಿದ್ದೋರು?"

"ಸೀರೆ ಮಾರೋರು ಕಣವ್ವ. ಬ್ಯಾಡ ಅಂದ್ಬುಟ್ಟೆ."

ಮಿಸ್ ಒಳಗೆ ಬಂದು ಕೂತಿದ್ದರೆ ಕೆಲಸ ಕೆಡುತ್ತಿತ್ತು. ಅಪ್ಪ ಪುಟ್ಟಮಾದಯ್ಯನದು ಮೆತ್ತನೆಯ ಮನಸ್ಸು. ಟೀಚರ್ ಒಂದು ಮಾತು ಹೇಳಿದರೆ ಸಾಕು, ಒಪ್ಪಿಕೊಂಡುಬಿಡುತ್ತಿದ್ದ. ಆಮೇಲೆ ಹಳದಿ ಸ್ಕೂಲ್ ಬಸ್ಸೂ ಇಲ್ಲ, ಟೈಯೂ ಇಲ್ಲ. ಪಕ್ಕದ ಬೀದಿಯ ವನಿತಾಳಿಗೆ ಏನೆಂದು ಹೇಳುವುದು? "ಇನ್ಮೇಲೆ ನಾನು ನಿಮ್ ಜೊತೆ ಎಲ್ಲಾ ಆಟಕ್ಕೆ ಬರಕ್ಕಾಗಲ್ಲ, ಟ್ಯೂಷನ್ ಇರುತ್ತೆ," ಎಂದು ಅವಳೆದುರು ಆಗಲೇ ಹೇಳಿ ಆಗಿತ್ತು. ವನಿತಾಗೆ ಇನ್ನೂ ಯಾವ ಹೈಸ್ಕೂಲೂ ನಿಗದಿಯಾಗಿರಲಿಲ್ಲ. ಅವಳ ಅವ್ವ, "ಏಳು ಓದಿದ್ದು ಸಾಕು," ಎನ್ನುತ್ತಿದ್ದಳಂತೆ.

ಸೋಮವಾರ ಅಪ್ಪ ಅರಿಸಿನ ನಾಟಿಯ ಕೂಲಿ ಬಿಟ್ಟು, ಬಿಳಿ ಅಂಗಿ ಹಾಕಿಕೊಂಡು, ಬೃಂದಾಳನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋದ.

ಆ ಸ್ಕೂಲಿನ ಆಫೀಸಿನಲ್ಲಿ ಒಬ್ಬರು ಮೇಡಂ ಇಂಗ್ಲಿಷ್ ಪುಸ್ತಕ ತೆರೆದು ಅವಳ ಮುಂದಿಟ್ಟರು. "ರೀಡ್," ಎಂದರು.

ಮೊದಲ ಸಾಲು ಬಂತು. ಎರಡನೇ ಸಾಲಿನಲ್ಲಿ ಒಂದು ಉದ್ದದ ಪದವಿತ್ತು. ಬೃಂದಾ ಅದರ ಮುಂದೆ ನಿಂತುಬಿಟ್ಟಳು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಇಣುಕಿ ನೋಡಿ ಆ ಪದವನ್ನು ಪಟ್ಟನೆ ಹೇಳಿದಳು.

ಮೇಡಂ ಪುಸ್ತಕ ಮುಚ್ಚಿದರು. "ಇಲ್ಲಿ ಕಷ್ಟ ಆಗುತ್ತೆ. ಬೇರೆ ಕಡೆ ನೋಡಿ."

"ಇನ್ನೊಂದ್ ಕಿತ ಓದ್ಸಿ ಮೇಡಂ. ಹೆದ್ರಕೊಂಡವ್ಳೆ, ಅಷ್ಟೇಯ. ಮನೇಲಿ ಚೆನ್ನಾಗ್ ಓದ್ತಾಳೆ," ಎಂದು ಅಪ್ಪ ಕೈ ಮುಗಿದ.

ಮೇಡಂ ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಬೃಂದಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಅಪ್ಪ ಬಯ್ದಿದ್ದರೆ ಚೆನ್ನಾಗಿತ್ತು. ಅವನು ಬಯ್ಯಲಿಲ್ಲ.

"ಬುಡು ಮಗ. ನಾಳೆ ನಮ್ಮೂರ ಹೈಸ್ಕೂಲ್ಗೇ ಓಗನ."

"ಅಲ್ಲಿ ಬ್ಯಾಡಪ್ಪ! ಚಾಮರಾಜನಗರದಲ್ಲಿ ಸೇರ್ಸು."

"ಅಷ್ಟು ದೂರ ದಿನಾ ಬಸ್ಸಲ್ಲಿ ಓಡಾಡ್ತೀಯಾ? ಊರತ್ರಾನೇ ಸ್ಕೂಲ್ ಇರುವಾಗ ಅಲ್ಲಿಗ್ಯಾಕಮ್ಮಿ?"

ಬಾಗಿಲು ಹಾಕಿ ಕಳಿಸಿದ ಮಿಸ್ ಅಲ್ಲೇ ಇರುತ್ತಾರೆ ಎಂದು ಬೃಂದಾ ಹೇಗೆ ಹೇಳಿಯಾಳು?

ಮಾರನೆಯ ದಿನ ಅವಳು ಅಪ್ಪನ ಬೆನ್ನ ಹಿಂದೆ ಅಡಗಿಕೊಂಡೇ ಹೈಸ್ಕೂಲಿನ ಮೆಟ್ಟಿಲು ಹತ್ತಿದಳು. ಮಿಸ್ ರಜೆಯಲ್ಲಿರಲಿ ಎಂದು ಮನಸ್ಸಿನಲ್ಲೇ ಮಾದಪ್ಪ ದೇವರನ್ನು ಬೇಡಿಕೊಂಡಳು. ಆದರೆ ಟೇಬಲ್ಲಿನ ಮುಂದೆ ಕೂತಿದ್ದವರು ನಾಗರತ್ನ ಮಿಸ್ಸೇ.

ಮಿಸ್ ಅವಳನ್ನು ನೋಡಿದರು. ಗುರುತು ಹಿಡಿದರು. "ಬನ್ನಿ, ಕೂತ್ಕೊಳ್ಳಿ. ನಿಮ್ಮ ಮನೆ ಹತ್ರ ಬಂದಿದ್ದೆ ನಾನು," ಎಂದರು ಅಪ್ಪನಿಗೆ.

"ಬಂದಿದ್ರಾ? ಯಾವಾಗ ಮಿಸ್?"

ಬೃಂದಾ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಳು.

"ಹೋದ ವಾರ. ಬಾಗಿಲು ಹಾಕಿತ್ತು. ವಾಪಸ್ ಬಂದೆ," ಎಂದರು ಮಿಸ್, ಪೆನ್ನಿನ ಕ್ಯಾಪ್ ತೆಗೆಯುತ್ತ.

ಬೃಂದಾಗೆ ಉಸಿರು ಬಂತು. ಇನ್ನೇನು, ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಅಪ್ಪ ಎದ್ದು ನಿಂತ. ನಿನ್ನೆ ಗುಂಡ್ಲುಪೇಟೆಯಲ್ಲಿ ಮುಗಿದ ಹಾಗೆಯೇ ಎರಡೂ ಕೈ ಮುಗಿದ. "ತಪ್ಪಾಯ್ತು ಮಿಸ್. ಅಷ್ಟು ದೂರದಿಂದ ಬಿಸ್ಲಲ್ಲಿ ಬಂದಿದ್ರಿ. ನಾವು ಒಬ್ರೂ ಮನೇಲಿರ್ನಿಲ್ವೇನೋ. ತಪ್ಪು ತಿಳ್ಕೋಬ್ಯಾಡಿ."

ಅಪ್ಪನ ಆ ಕೈಗಳನ್ನು ನೋಡಲಾಗಲಿಲ್ಲ ಬೃಂದಾಗೆ.

"ಅವ್ವ ಮನೇಲೇ ಇತ್ತು ಅಪ್ಪ," ಎಂದಳು. "ಬಾಗ್ಲು ಹಾಕಿದ್ದು ನಾನೇ. ಯಾರೂ ಇಲ್ಲ ಅಂತ ಸುಳ್ಳು ಹೇಳ್ದೆ. ಅವ್ವಂಗೂ ಸೀರೆ ಮಾರೋರು ಅಂತ ಹೇಳ್ದೆ."

ಅಪ್ಪನ ಕೈಗಳು ಮೆಲ್ಲನೆ ಕೆಳಗಿಳಿದವು. ಅವನು ಮಗಳನ್ನೂ ನೋಡಲಿಲ್ಲ, ಮಿಸ್ಸನ್ನೂ ನೋಡಲಿಲ್ಲ. ಬೃಂದಾಳ ಕಣ್ಣು ತುಂಬಿತು.

"ಇಲ್ಲಿ ಎರಡು ಸೆಕ್ಷನ್ ಇದೆ, ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ. ಯಾವುದಕ್ಕೆ ಸೇರ್ತೀಯ ಬೃಂದಾ?" ಮಿಸ್ ಮೆಲ್ಲಗೆ ಕೇಳಿದರು.

"ಇಂಗ್ಲಿಷ್ ಓದಕ್ಕೆ ಬರಲ್ಲ ಮಿಸ್ ನಂಗೆ. ನಿನ್ನೆ ಗುಂಡ್ಲುಪೇಟೆಲಿ ಬರ್ಲೇ ಇಲ್ಲ."

"ಕಲೀಬೇಕು ಅಂತ ಇದೆಯಾ?"

"ಇದೆ."

"ಹಾಗಾದ್ರೆ ಇಂಗ್ಲಿಷ್ ಮೀಡಿಯಂ ಬರ್ಕೋತೀನಿ. ಮೊದಲ ತಿಂಗಳು ಕಷ್ಟ ಆಗುತ್ತೆ. ಸಂಜೆ ನನ್ನ ಹತ್ರ ಕೂತು ಓದು."

ಅಪ್ಪ ಸಹಿ ಮಾಡಿದ. "ಸಂಜೆ ಮಾತಾಡನ," ಎಂದಷ್ಟೇ ಹೇಳಿ ಗದ್ದೆಯ ಕಡೆ ಹೊರಟ.

ಮಿಸ್ ಕೊಡೆ ತೆಗೆದುಕೊಂಡರು. "ನಿಮ್ಮ ಕಡೆಯೇ ಹೊರಟಿದೀನಿ. ವನಿತಾ ಅನ್ನೋ ಹುಡುಗಿ ಮನೆ ಗೊತ್ತಾ?"

ವನಿತಾ! ಬೃಂದಾಗೆ ಓಡಿಹೋಗೋಣ ಎನಿಸಿತು. ಆದರೂ, "ಗೊತ್ತು ಮಿಸ್. ತೋರಿಸ್ತೀನಿ," ಎಂದಳು.

ಇಬ್ಬರೂ ನಡೆದರು. ಬೃಂದಾ ಇದುವರೆಗೆ ಈ ರಸ್ತೆಯಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತೇ ಬಂದವಳು. ಒಂದು ಮರವಿಲ್ಲ. ಎರಡೂ ಕಡೆ ಈಗಷ್ಟೇ ಉತ್ತ ಹೊಲಗಳು. ಕೆಂಪು ಧೂಳು ಚಪ್ಪಲಿಯೊಳಗೆ ನುಗ್ಗಿ ಕಾಲು ಸುಡುತ್ತಿತ್ತು. ಊರು ಇನ್ನೂ ಅಲ್ಲೆಲ್ಲೋ ದೂರದಲ್ಲಿತ್ತು. ಮಿಸ್ ಅವಳ ತಲೆಯ ಮೇಲೂ ಕೊಡೆ ಸರಿಸಿದರು. ಅವರ ಒಂದು ಭುಜ ಬಿಸಿಲಿಗೆ ಬಿತ್ತು.

"ಇಷ್ಟು ದೂರ ನಡ್ಕೊಂಡೇ ಬಂದಿದ್ರಾ ಮಿಸ್ ಅವತ್ತು?"

"ಹೂಂ."

ಬೃಂದಾ ಕೊಡೆಯನ್ನು ಮೆಲ್ಲಗೆ ಮಿಸ್ ಕಡೆಗೆ ತಳ್ಳಿದಳು.

ವನಿತಾ ಜಗಲಿಯ ಮೇಲೆ ಕಾಳು ಆರಿಸುತ್ತಿದ್ದಳು. ಇಬ್ಬರನ್ನೂ ಕಂಡು ಕಣ್ಣರಳಿಸಿದಳು. "ನೀನು ಗುಂಡ್ಲುಪೇಟೆಗೆ ಓಗ್ನಿಲ್ವಾ?"

ಮಿಸ್ ಮಾತಾಡುವ ಮೊದಲೇ ಬೃಂದಾ ಮುಂದೆ ಬಂದಳು.

"ಅಲ್ಲಿ ನಂಗೆ ಸೀಟ್ ಸಿಗ್ನಿಲ್ಲ ಕಣಮ್ಮಿ. ಇಲ್ಲೇ ಸೇರ್ದೆ. ನಿಮ್ಮವ್ವನ್ನ ಕರಿ. ಮಿಸ್ ದೂರದಿಂದ ನಡ್ಕೊಂಡ್ ಬಂದವ್ರೆ."