ವಾಪಸ್ ಬಂದ ಅಕ್ಕಿ

ಕಳುವಾಗಿದ್ದ ಅಕ್ಕಿ ಡಬ್ಬಿಗೆ ವಾಪಸ್ ಬಂದಿದೆ, ತಂದು ಹಾಕಿದವರು ಯಾರೆಂದು ಪತ್ತೆ ಮಾಡಿಕೊಡಬೇಕು. ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಇದು. ಪೇದೆ ಉದ್ದಣ್ಣ ಪೆನ್ನು ಕೆಳಗಿಟ್ಟು ನಗು ನುಂಗಿಕೊಂಡ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ದೂರು ತಂದ ಹುಡುಗಿ ಮಾತ್ರ, ಕೂರಲು ಹೇಳಿದರೂ ಕೂರದೆ, ಬಾಗಿಲ ಕಡೆ ನೋಡುತ್ತ ನಿಂತೇ ಇದ್ದಳು.

ಇನ್ಸ್‌ಪೆಕ್ಟರ್ ಅವಳನ್ನು ಒಳಗೆ ಕರೆಸಿಕೊಂಡ. ಬಟ್ಟೆ ಕಾರ್ಖಾನೆಯ ಹಿಂದಿರುವ ಸಾಲುಮನೆಯೊಂದರ ಸೊಸೆ ಅವಳು. ಗಂಡ ಸರಕಿನ ಗಾಡಿ ಓಡಿಸುತ್ತಾನೆ, ಮಾವ ಗೋದಾಮಿನಲ್ಲಿ ಮೂಟೆ ಎತ್ತುತ್ತಾರೆ, ಅತ್ತೆ ಸೊಸೆ ಇಬ್ಬರೂ ಬಾಟಲಿ ತೊಳೆಯುವ ಕಡೆ ದಿನಗೂಲಿ. ಕೆಲವು ವಾರಗಳಿಂದ ಅಡುಗೆಮನೆಯಲ್ಲಿ ಒಂದು ಹಿಡಿ ಅಕ್ಕಿ, ಒಂದಿಷ್ಟು ಎಣ್ಣೆ, ಒಂದು ಮೊಟ್ಟೆ ಹೀಗೆ ಕಡಿಮೆಯಾಗುತ್ತಿತ್ತು. ಸೊಸೆ ತವರಿಗೆ ಸಾಗಿಸುತ್ತಿದ್ದಾಳೆಂದು ಅತ್ತೆ ಬೀದಿಗೆಲ್ಲ ಕೇಳುವಂತೆ ರಂಪ ಮಾಡಿದ್ದರು. ಅದಾದ ಮೇಲೆ ಒಂದು ಸಂಜೆ ಬಂದು ನೋಡಿದರೆ ಡಬ್ಬಿ ತುಂಬಿತ್ತು.

"ತುಂಬಿದ್ರೆ ಒಳ್ಳೇದೇ ಆಯ್ತಲ್ಲಮ್ಮ?"

"ಹೆದರ್ಕೊಂಡು ತಂದು ಹಾಕಿದಾಳೆ, ಇನ್ನೇನ್ ಸಾಕ್ಷಿ ಬೇಕು ಅಂತಾರೆ ಅತ್ತೆ. ಇವತ್ತು ಸಂಜೆ ನಮ್ಮನೆಯವರು ನನ್ನ ತವರಿಗೆ ಬಿಟ್ಟು ಬರ್ತಾರಂತೆ. ವಾಪಸ್ ಯಾವಾಗ ಅಂತ ಹೇಳ್ಲಿಲ್ಲ ಸಾರ್."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದ. ಅಕ್ಕಿಗೆಲ್ಲ ಎಫ್‌ಐಆರ್ ಹಾಕಿದರೆ ಮೇಲಿನವರು ನಗುತ್ತಾರೆಂದು ಉದ್ದಣ್ಣ ಗೊಣಗಿದ. ನಗುವವರು ನಗಲಿ, ಆ ಹುಡುಗಿ ಸಂಜೆ ಯಾವ ಮನೆಯಲ್ಲಿರುತ್ತಾಳೆ ಅನ್ನುವುದು ನಮ್ಮ ಕೈಯಲ್ಲಿದೆ ಎಂದು ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡ.

ಸ್ಥಳ ಪರಿಶೀಲನೆಯಲ್ಲಿ ಬೀಗ ಒಡೆದ ಗುರುತಿರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಟ್ರಂಕಿನಲ್ಲಿದ್ದ ಚಿನ್ನದ ಉಂಗುರ ಇದ್ದಲ್ಲೇ ಇತ್ತು. ಪಂಚರ ಎದುರು ಡಬ್ಬಿಯ ಅಕ್ಕಿಯನ್ನು ಮೊರಕ್ಕೆ ಸುರಿಸಿ ಇನ್ಸ್‌ಪೆಕ್ಟರ್ ಬೆರಳಾಡಿಸಿದ. ತಳದಲ್ಲಿದ್ದದ್ದು ನುಚ್ಚು. ಮೇಲಿನದ್ದರಲ್ಲಿ ದಪ್ಪಕ್ಕಿ, ಸಣ್ಣಕ್ಕಿ, ಕುಸುಬಲಕ್ಕಿ ಎಲ್ಲ ಬೆರೆತಿತ್ತು.

"ನೀವು ಯಾವ ಅಕ್ಕಿ ತರೋದಮ್ಮ?"

ನುಚ್ಚೇ ತರುವುದು, ಅದೇ ಅಗ್ಗ ಎಂದರು ಅತ್ತೆ.

"ಕದ್ದಿದ್ದನ್ನೇ ವಾಪಸ್ ಹಾಕಿದ್ರೆ ನುಚ್ಚೇ ಬರ್ಬೇಕಿತ್ತಲ್ವಾ?"

ಅತ್ತೆ ಮೊರದಿಂದ ಒಂದು ಚಿಟಿಕೆ ಕುಸುಬಲಕ್ಕಿ ಹೆಕ್ಕಿ ಬೆಳಕಿಗೆ ಹಿಡಿದರು. ಮಾದರಿ ಕಟ್ಟಿಸಿ, ಪಂಚನಾಮೆಗೆ ಸಹಿ ಹಾಕಿಸಿ, ಇನ್ಸ್‌ಪೆಕ್ಟರ್ ಬೀದಿಗಿಳಿದ.

ದಪ್ಪಕ್ಕಿ ಯಾರ ಮನೆಯದು, ಕುಸುಬಲಕ್ಕಿ ಯಾರ ಮನೆಯದು ಎಂದು, ಆ ದಿನ ಕೆಲಸವಿಲ್ಲದೆ ಮನೆಯಲ್ಲಿದ್ದವರನ್ನು ವಿಚಾರಿಸುತ್ತ ಹೋದಂತೆ ಒಂದೊಂದೇ ಮನೆ ಬಾಯಿ ಬಿಟ್ಟಿತು. ಎಲ್ಲ ಕಡೆಯೂ ಹಿಡಿಯಷ್ಟು ಹೋಗಿತ್ತು, ಯಾರೂ ದೂರು ಕೊಟ್ಟಿರಲಿಲ್ಲ. ಒಂದು ಮನೆಯಲ್ಲಿ ಅಕ್ಕ ತಂಗಿಯರು ಇದೇ ಕಾರಣಕ್ಕೆ ಮಾತು ಬಿಟ್ಟಿದ್ದರು. ಇನ್ನೊಂದು ಮನೆಯ ಹೆಂಗಸು, ಎಲ್ಲರೂ ಮಲಗಿದ ಮೇಲೆ ಗಂಡನೇ ಎದ್ದು ಬೇಯಿಸಿಕೊಂಡು ತಿನ್ನುತ್ತಾನೆಂದು ನಂಬಿದ್ದಳು. ಗಂಡ ಪಾಪ, ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದ.

"ಇಷ್ಟು ಚೂರು ಹೋಗಿದ್ದು ಎಲ್ರಿಗೂ ಹೇಗೆ ಗೊತ್ತಾಯ್ತು ಸಾರ್? ನಮ್ಮನೇಲಿ ಹೋದ್ರೆ ಗೊತ್ತೇ ಆಗಲ್ಲ" ಎಂದ ಉದ್ದಣ್ಣ. ಹೇಳಿದ ಮೇಲೆ ಅವನಿಗೇ ಉತ್ತರ ಹೊಳೆದಿರಬೇಕು, ಮುಂದಿನ ಮನೆಯಲ್ಲಿ ಅವನು ಬೂಟು ಹೊರಗೆ ಬಿಟ್ಟು ಒಳಗೆ ಹೋದ. ಇಲ್ಲಿ ಪ್ರತಿ ಮನೆಯೂ ಹಿಡಿ ಲೆಕ್ಕದಲ್ಲಿ ಬದುಕುತ್ತಿತ್ತು. ದೂರು ಕೊಟ್ಟರೆ ಆ ಗುಟ್ಟೂ ಬಯಲಾಗುತ್ತಿತ್ತು.

ಕೆಲಸವಿದ್ದ ದಿನ ಎಲ್ಲರೂ ಮನೆಗೆ ಬೀಗ ಹಾಕಿ ಹೋಗುತ್ತಾರೆ. ಮನೆಯವರಲ್ಲಿ ಯಾರು ಮೊದಲು ಬರುತ್ತಾರೋ ಅವರಿಗೆ ಸಿಗಲಿ ಎಂದು ಬೀಗದಕೈಯನ್ನು ಬೀದಿಯ ಮೂಲೆಯ ಟೈಲರ್ ಅಕ್ಕನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಅತ್ತೆಯ ರಂಪ ಕೇಳುವಷ್ಟು ಹತ್ತಿರದಲ್ಲೇ ಇತ್ತು ಆ ಅಂಗಡಿ.

ಇನ್ಸ್‌ಪೆಕ್ಟರ್ ಮಹಿಳಾ ಪೇದೆಯನ್ನು ಕರೆಸಿಕೊಂಡು ಅಲ್ಲಿಗೆ ಹೋದ. ಗೋಡೆಯ ಮೊಳೆಗಳಿಗೆ ಬೀಗದಕೈಗಳು ನೇತುಬಿದ್ದಿದ್ದವು. ಹೊಲಿಗೆ ಯಂತ್ರದ ಮೇಲೆ ಬಟ್ಟೆಯೇ ಇರಲಿಲ್ಲ. ಟೈಲರ್ ಅಕ್ಕ ನಲವತ್ತರ ಆಸುಪಾಸಿನವಳು, ಕುತ್ತಿಗೆಯಲ್ಲಿ ಅಳತೆಪಟ್ಟಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗಿದ್ದರು.

"ಹೊಲಿಗೆ ಇಲ್ವಾ?"

"ಎಲ್ರೂ ರೆಡಿಮೇಡ್ ತಗೋತಾರೆ ಸಾರ್. ಗುಂಡಿ ಕಿತ್ತೋದ್ರೆ ಮಾತ್ರ ಇಲ್ಲಿಗೆ ಬರ್ತಾರೆ."

"ಒಳಗಿನ ಕೋಣೆ ನೋಡ್ಬೇಕು."

ಅವಳು ತಡೆಯಲಿಲ್ಲ. ಒಲೆಯ ಪಕ್ಕದ ತಗಡಿನ ಡಬ್ಬವನ್ನು ತಾನೇ ಎತ್ತಿ ಮುಂದಿಟ್ಟಳು. ಮುಚ್ಚಳ ತೆಗೆದರೆ ನುಚ್ಚು, ದಪ್ಪಕ್ಕಿ, ಸಣ್ಣಕ್ಕಿ, ಕುಸುಬಲಕ್ಕಿ. ಇಡೀ ಬೀದಿಯೇ ಅದರಲ್ಲಿತ್ತು.

ಅವಳ ಹೇಳಿಕೆಯನ್ನು ಮಹಿಳಾ ಪೇದೆ ಬರೆದುಕೊಂಡಳು. ಮೊದಲು ತಾನೊಬ್ಬಳೇ ಊಟ ಬಿಟ್ಟಿದ್ದಳು. ಆಮೇಲೆ ಮಕ್ಕಳಿಗೂ ಗಂಜಿ ತೆಳ್ಳಗಾಯಿತು. ಚಿಕ್ಕವಳು ಶಾಲೆಯಲ್ಲಿ ತಲೆ ತಿರುಗಿ ಬಿದ್ದ ದಿನ ಮೊದಲ ಸಲ ಬೇರೆಯವರ ಬೀಗ ತೆಗೆದಿದ್ದಳು. ಯಾವ ಮನೆಗೂ ಭಾರವಾಗದಿರಲೆಂದು ದಿನಕ್ಕೊಂದು ಮನೆ, ಮನೆಗೊಂದು ಹಿಡಿ.

"ಕೇಳ್ಬಹುದಿತ್ತಲ್ಲ?" ಎಂದ ಇನ್ಸ್‌ಪೆಕ್ಟರ್.

"ಒಂದ್ಸಲ ಕೇಳ್ಬಹುದು ಸಾರ್. ಹಸಿವು ದಿನಾ ಬರುತ್ತಲ್ಲ."

ಸೊಸೆಯ ಮೇಲೆ ಅಪವಾದ ಬಂದದ್ದು ಕೇಳಿ ತಡೆಯಲಾಗದೆ, ತನ್ನ ಡಬ್ಬದಿಂದಲೇ ಅಕ್ಕಿ ಒಯ್ದು ಹಾಕಿದ್ದಳು. ಅಂದು ಅವಳ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಆ ಅಕ್ಕಿಯಿಂದಲೇ ಹುಡುಗಿಗೆ ತವರಿನ ದಾರಿ ತೋರಿಸಿದ್ದಾರೆಂದು ತಿಳಿದಾಗ, ಅವಳು ಕುತ್ತಿಗೆಯ ಅಳತೆಪಟ್ಟಿ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟಳು.

ಡಬ್ಬ, ಬೀಗದಕೈಗಳನ್ನು ವಶಕ್ಕೆ ಪಡೆದು ದಸ್ತಗಿರಿ ಮಾಡಿದಾಗ ಅವಳು ಕೇಳಿದ್ದು ಒಂದೇ. ಜೀಪು ಹತ್ತುವ ಮೊದಲು ಆ ಮನೆ ಬಾಗಿಲಿಗೆ ಹೋಗಬೇಕು. ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಇನ್ಸ್‌ಪೆಕ್ಟರ್ ಜೊತೆಗೆ ನಡೆದ.

ಬಾಗಿಲಲ್ಲಿ ಸೊಸೆಯ ಚೀಲ ಕಟ್ಟಿ ಇಟ್ಟಿದ್ದರು.

"ತೆಗೆದಿದ್ದೂ ನಾನೇ, ಹಾಕಿದ್ದೂ ನಾನೇ. ನಿಮ್ಮ ಹುಡುಗಿ ಅಲ್ಲ" ಎಂದಳು ಟೈಲರ್ ಅಕ್ಕ.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ತೊಟ್ಟಿದ್ದ ರವಿಕೆಯೂ ಅವಳು ಹೊಲಿದದ್ದೇ. "ಬಾಯಿ ಬಿಟ್ಟು ಕೇಳಿದ್ರೆ ನಾವು ಕೊಡ್ತಿರ್ಲಿಲ್ವೇನೇ?"

ಉತ್ತರ ಬಂದದ್ದು ಒಳಗಿನಿಂದ, ಸೊಸೆಯ ದನಿಯಲ್ಲಿ. "ಕೊಡ್ತಿರ್ಲಿಲ್ಲ ಅತ್ತೆ. ಇದ್ದಿದ್ರೆ ತಾನೇ ಕೊಡೋದು."

ಯಾರೂ ಅವಳನ್ನು ಗದರಲಿಲ್ಲ. ಅತ್ತೆ ಬಗ್ಗಿ ಆ ಚೀಲವನ್ನು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಜಾಮೀನಾಯಿತು. ಮೊಕದ್ದಮೆ ನಡೆಯಲೇಬೇಕು, ಎಫ್‌ಐಆರ್ ಹರಿದು ಹಾಕುವ ಅಧಿಕಾರ ಇನ್ಸ್‌ಪೆಕ್ಟರ್‌ಗೆ ಇಲ್ಲ. ದೋಷಾರೋಪ ಪಟ್ಟಿಯಲ್ಲಿ ಉದ್ದೇಶ ಏನೆಂದು ಬರೆಯಲಿ ಎಂದು ಉದ್ದಣ್ಣ ಕೇಳಿದಾಗ ಇನ್ಸ್‌ಪೆಕ್ಟರ್ ಹಸಿವು ಎಂದಷ್ಟೇ ಹೇಳಿದ. ಉದ್ದಣ್ಣ ಅಷ್ಟನ್ನೇ ಬರೆದ. ಹಿಂದಿನ ರಾತ್ರಿ ಆ ಇಬ್ಬರು ಹೆಣ್ಣುಮಕ್ಕಳು ಎಲ್ಲಿದ್ದಾರೆಂದು ನೋಡಿ ಬರಲು ಹೋಗಿದ್ದವನು ಅವನೇ. ಅವರು ಸೊಸೆಯ ಪಕ್ಕದಲ್ಲಿ ಊಟಕ್ಕೆ ಕೂತಿದ್ದರು, ಬಡಿಸುತ್ತಿದ್ದ ಅತ್ತೆ ತನಗೆ ಹಸಿವಿಲ್ಲ ಎನ್ನುತ್ತಿದ್ದರು.