ಕಿಟಕಿಯ ಮೂಲೆಯ ಮೋಡ

"ಇದು ನಮ್ಮ ಬೋಲೆಕ್ ಮುಖ ಅಲ್ವೇನೇ, ಮೇವಿಸ್? ಅದೇ ಮೂಗು ಕಣೆ."

ಚರ್ಚಿಗೆ ಹೂವಿಡಲು ಹೊರಟಿದ್ದ ಮಿಸೆಸ್ ಥರ್ಲೋ ಶೆಡ್ಡಿನೊಳಗೆ ಇಣುಕಿ ಇಷ್ಟು ಹೇಳಿ ಹೋದರು. ಮೇವಿಸ್‌ಳ ಕುಂಚ ನಿಂತಿತು.

ಯುದ್ಧದಲ್ಲಿ ಊರಾಚೆಯ ಬಯಲಿನಿಂದ ವಿಮಾನ ಹಾರಿಸಿ, ಮರಳಿ ಬಾರದ ಪೋಲೆಂಡಿನ ಹುಡುಗರಿಗಾಗಿ ಲಿಂಕನ್‌ಶೈರಿನ ಆ ಹಳ್ಳಿ ಚರ್ಚಿನಲ್ಲೊಂದು ಬಣ್ಣದ ಗಾಜಿನ ಕಿಟಕಿ ಇಡಿಸುತ್ತಿತ್ತು. ಅದರ ಗಾಜಿಗೆ ಚಿತ್ರ ಬರೆಯುವ ಕೆಲಸ ಮೇವಿಸ್‌ಳದು. ಪೈಲಟ್‌ಗೆ ಯಾವ ಮುಖವೂ ಆದೀತು ಎಂದುಕೊಂಡೇ ಬರೆದಿದ್ದಳು. ಕೈ ಮಾತ್ರ ಅವಳನ್ನು ಕೇಳಿರಲಿಲ್ಲ. ಕಿವಿ ಬಿಸಿಯಾಯಿತು.

ಮಿಸೆಸ್ ಥರ್ಲೋ ಹೂವಿನ ಜೊತೆ ಸುದ್ದಿಯನ್ನೂ ಹಂಚಿರಬೇಕು. ಸಂಜೆಗೆ, ಯುದ್ಧ ಮುಗಿದ ಮೇಲೆ ಊರಲ್ಲೇ ಉಳಿದಿದ್ದ ಪೋಲೆಂಡಿನವನು, ಟ್ರ್ಯಾಕ್ಟರ್ ರಿಪೇರಿಯ ಬೋಲೆಕ್, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಂದಿನ ವಾರ ಕೆನಡಾಕ್ಕೆ ಹಡಗು ಹತ್ತುವವನು. ಅದನ್ನೂ ಅವಳು ಊರವರ ಬಾಯಲ್ಲೇ ಕೇಳಿದ್ದಳು. ಗಾಜಿನ ಬಣ್ಣ ಬೇಯಿಸುವ ಅವಳ ಕುಲುಮೆ ಸರಿಮಾಡುವ ನೆಪದಲ್ಲಿ ಅವನು ಬರುತ್ತಿದ್ದ, ಅವಳು ಟೀ ಕೊಡುತ್ತಿದ್ದಳು. ಕುಲುಮೆ ಕೆಟ್ಟಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಅಳಿಸಿಬಿಡಿ," ಎಂದ. "ನಾನು ಹಾರಿದವನಲ್ಲ, ಮೆಕ್ಯಾನಿಕ್. ಬದುಕಿರೋನನ್ನ ಸತ್ತವರ ಕಿಟಕೀಲಿ ಕೂರಿಸಬಾರದು."

ಬಣ್ಣವಿನ್ನೂ ಕುಲುಮೆಗೆ ಹೋಗಿಲ್ಲ, ಒದ್ದೆ ಬೆರಳು ಸಾಕು, ಬೆಂದಮೇಲೆ ಯಾರಿಂದಲೂ ಆಗದು ಎಂದಳು ಅವಳು. "ನೀವೇ ಅಳಿಸಿ. ನನ್ನಿಂದಾಗಲ್ಲ."

ಅವನು ಹೆಬ್ಬೆರಳು ಒದ್ದೆ ಮಾಡಿಕೊಂಡ. ಹಣೆ ಹೋಯಿತು, ಕಣ್ಣು ಹೋಯಿತು. ತುಟಿಯ ಬಳಿ ಬೆರಳು ನಿಂತಿತು.

ಆಮೇಲೆ ಅವಳತ್ತ ತಿರುಗದೆ ಹೇಳತೊಡಗಿದ. ಪ್ರತಿ ಸಲವೂ ವಿಮಾನದ ರೆಕ್ಕೆ ಹತ್ತಿ ಪೈಲಟ್‌ಗಳಿಗೆ ಸೀಟಿನ ಪಟ್ಟಿ ಬಿಗಿಯುತ್ತಿದ್ದನಂತೆ. ಅವರು ಅವನ ಕೈ ತಟ್ಟಿ ಥ್ಯಾಂಕ್ಸ್ ಹೇಳುತ್ತಿದ್ದರಂತೆ. ಗಡಿಬಿಡಿಯಲ್ಲಿ ಇವನು ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ.

"ಥ್ಯಾಂಕ್ಸ್ ನಾನು ಹೇಳಬೇಕಿತ್ತು, ಮೇವಿಸ್. ಈಗ ಯಾರಿಗೆ ಹೇಳಲಿ?"

ಪೈಲಟ್ ನಮಗೆ ಬೆನ್ನು ಹಾಕಿ ಆಕಾಶದ ಕಡೆ ತಿರುಗಿರಲಿ, ಯಾವ ತಾಯಿ ನೋಡಿದರೂ ತನ್ನ ಮಗನೇ ಅನ್ನಿಸಲಿ ಎಂದಳು. "ಮುಖ ಬೇಡ. ಪಟ್ಟಿ ಬಿಗಿಯೋ ನಿಮ್ಮ ಕೈ ಬರೀತೀನಿ. ನಿಮ್ಮ ಉತ್ತರ ಅಲ್ಲೇ ಇರುತ್ತೆ."

ಅವನು ಎಣ್ಣೆಗಪ್ಪಿನ ಅಂಗೈಯನ್ನು ಹೊಸದೆಂಬಂತೆ ನೋಡಿಕೊಂಡ.

"ಬೇಗ ಮುಗಿಯುತ್ತಾ?"

"ಕೈ ಬರೆಯೋದು ಕಷ್ಟ. ಎದುರಿಗೇ ಇರಬೇಕು." ಅವಳು ಕುಂಚ ತೊಳೆಯುವ ನೀರನ್ನೇ ನೋಡುತ್ತಿದ್ದಳು. "ಮುಗಿದ ಮೇಲೂ ಇದ್ರೆ ನಂಗಿಷ್ಟ."

"ಹಡಗು?"

"ಅದಕ್ಕೆ ನಿಮ್ಮ ರಿಪೇರಿ ಬೇಕಾ?"

ಬೋಲೆಕ್ ನಕ್ಕ. ಕೈ ತಂದು ಅವಳ ಮೇಜಿನ ಮೇಲೆ, ಅವಳ ಕೈಯ ಪಕ್ಕದಲ್ಲಿಟ್ಟ. "ಥ್ಯಾಂಕ್ಸ್," ಎಂದ, ತನ್ನ ಭಾಷೆಯಲ್ಲಿ. ಅವಳಿಗೆ ಅರ್ಥವಾಯಿತು.

ಅಳಿಸಿದ ಗಾಜನ್ನು ಅವಳು ಒರೆಸಲಿಲ್ಲ. ಅವನ ಹೆಬ್ಬೆರಳು ಉಜ್ಜಿದಲ್ಲಿ ಬಣ್ಣ ಬಿಳಿಯಾಗಿ ಹರಡಿದ್ದು ಮೋಡದಂತೆಯೇ ಕಾಣುತ್ತಿತ್ತು. ಉಳಿದಿದ್ದ ತುಟಿಯನ್ನಷ್ಟೇ ಬಟ್ಟೆ ಮುಟ್ಟಿಸದೆ ತನ್ನ ಬೆರಳಿಂದ ತೀಡಿ, ಕಿಟಕಿಯಲ್ಲಿ ಆಕಾಶದ ಮೂಲೆಗಿರಲೆಂದು ಆ ಗಾಜನ್ನು ಕುಲುಮೆಗಿಟ್ಟು ಬಾಗಿಲು ಹಾಕಿದಳು.